ವರ್ಗ, ಪರ್ಯಾಯ, ಸಂಬಂಧ: ಸಮುದಾಯ ಚಿತ್ರಭಂಡಾರದ ಗುರುತುಪದಗಳು ಮತ್ತು ಧಾರವಾಡ ಸೀಮೆಯ ಕನ್ನಡ

ಸಾರಾಂಶ

ಸಮುದಾಯವೇ ನಡೆಸುವ ಚಿತ್ರಭಂಡಾರಗಳಲ್ಲಿ ಪ್ರತಿ ಚಿತ್ರಕ್ಕೂ ಗುರುತುಪದಗಳನ್ನು (ಟ್ಯಾಗ್‌ಗಳನ್ನು) ಹಚ್ಚಲಾಗುತ್ತದೆ. ಗುರುತುಪದವನ್ನು ನಿರ್ವಚಿಸುವುದೂ ಒಂದನ್ನು ಇನ್ನೊಂದಕ್ಕೆ ಸಂಬಂಧಿಸುವುದೂ ಮೂಲತಃ ಕೋಶರಚನೆಯ ಕೆಲಸ. ಕನ್ನಡ ನಿಘಂಟು ಪರಂಪರೆಯ ‘ವರ್ಗ’ವನ್ನೂ ಇಂದಿನ ಚಿತ್ರಭಂಡಾರದ ‘ವರ್ಗ’ವನ್ನೂ ಪ್ರಸ್ತುತ ಲೇಖನವು ಜೊತೆಗಿಟ್ಟು ನೋಡುತ್ತದೆ. ಪದಗಳನ್ನು ನೆರೆಯಲ್ಲಿ ಕೂರಿಸಿಯೂ ಅವುಗಳ ನಡುವಿನ ಸಂಬಂಧ ಯಾವ ಬಗೆಯದೆಂದು ಹೇಳದಿರುವುದು ಎರಡಕ್ಕೂ ಸಮಾನವಾದ ಕೊರತೆ ಎಂಬುದನ್ನು ಧಾರವಾಡ ಸೀಮೆಯ ನಿದರ್ಶನಗಳಿಂದ ತೋರಿಸುತ್ತೇವೆ.

ಕೀಲಿಪದಗಳು: ಗುರುತುಪದ, ವರ್ಗ, ಪರ್ಯಾಯ, ನಾನಾರ್ಥ, ನಿಘಂಟು, ಕಸೂತಿ, ಧಾರವಾಡ

1. ಪೀಠಿಕೆ: ಒಂದು ಬಾವಿಯ ಚಿತ್ರ

ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ, ಮಾಣಿಕೇಶ್ವರ ಗುಡಿಯ ಬಳಿ, ಮೆಟ್ಟಿಲಿಳಿದು ನೀರು ಮುಟ್ಟುವಂತೆ ಕಟ್ಟಿದ ಕಲ್ಲಿನ ಬಾವಿಯೊಂದಿದೆ. ಅದರ ಹೆಸರು ಮುಸುಕಿನ ಬಾವಿ. ಪ್ರವಾಸಿ ಬರಹಗಳಲ್ಲಿ ಅದೇ ಕಲ್ಯಾಣಿಯೂ ಪುಷ್ಕರಣಿಯೂ ಆಗುತ್ತದೆ. ಇಂಗ್ಲಿಷಿನಲ್ಲಿ ಅದು ಸ್ಟೆಪ್‌ವೆಲ್. ಇದರ ಛಾಯಾಚಿತ್ರವನ್ನು ಸಾರ್ವಜನಿಕ ಭಂಡಾರವೊಂದಕ್ಕೆ ಸೇರಿಸುವವರ ಮುಂದೆ ಮೂರು ಪ್ರಶ್ನೆಗಳು ಏಳುತ್ತವೆ. ಬಾವಿ, ಕಲ್ಯಾಣಿ, ಪುಷ್ಕರಣಿ ಇವು ಒಂದೇ ವಸ್ತುವಿನ ಮೂರು ಹೆಸರುಗಳೇ, ಅಥವಾ ಮೂರು ಬೇರೆ ವಸ್ತುಗಳೇ? ಸ್ಟೆಪ್‌ವೆಲ್ ಎಂಬುದು ಬಾವಿಯ ಒಂದು ಬಗೆಯೇ? ಚಿತ್ರವು ಹಳೆಯದಾಗಿದ್ದು ಅದರ ಕೆಳಗೆ ‘ಧಾರವಾಡ ಜಿಲ್ಲೆ’ ಎಂದು ಬರೆದಿದ್ದರೆ ಅದನ್ನು ತಿದ್ದಬೇಕೇ?

ಮೊದಲನೆಯದು ಪರ್ಯಾಯದ ಪ್ರಶ್ನೆ, ಎರಡನೆಯದು ಜಾತಿ-ಉಪಜಾತಿಯ ಪ್ರಶ್ನೆ, ಮೂರನೆಯದು ಕಾಲದ ಪ್ರಶ್ನೆ. ಮೂರೂ ಭಾಷೆಗೆ ಸೇರಿದವು. ಆದರೂ ಇವನ್ನು ಇಂದು ಬಗೆಹರಿಸುತ್ತಿರುವವರು ಕೋಶಕಾರರಲ್ಲ. ಬಿಡುವಿನ ವೇಳೆಯಲ್ಲಿ ಚಿತ್ರಗಳನ್ನು ಜೋಡಿಸುವ ಸ್ವಯಂಸೇವಕರು ಇವಕ್ಕೆ ಉತ್ತರ ಕೊಡುತ್ತಿದ್ದಾರೆ. ಆ ಉತ್ತರಗಳೇ ಮುಂದೆ ಹುಡುಕುವವರಿಗೆ ದಾರಿಯಾಗುತ್ತವೆ. ಉತ್ತರ ತಪ್ಪಿದಲ್ಲಿ ಚಿತ್ರವು ಭಂಡಾರದಲ್ಲಿದ್ದರೂ ಇಲ್ಲದಂತಾಗುತ್ತದೆ.

ನಾವು ಮುಖ್ಯವಾಗಿ ಗಮನಿಸುವುದು ವಿಕಿಮೀಡಿಯ ಕಾಮನ್ಸ್ ಎಂಬ ಭಂಡಾರವನ್ನು. ಅದು 2004ರ ಸೆಪ್ಟೆಂಬರ್ 7ರಂದು ಆರಂಭವಾಯಿತು. ಅಲ್ಲಿನ ನಿಯಮದಂತೆ ವರ್ಗಗಳ ಹೆಸರು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರಬೇಕು. ಅಂಕಿತನಾಮಗಳಿಗೂ ಇಂಗ್ಲಿಷಿನಲ್ಲಿ ಸಾಟಿಯಿಲ್ಲದ ಪದಗಳಿಗೂ ವಿನಾಯಿತಿಯಿದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವು ಇದೇ ವ್ಯವಸ್ಥೆಯನ್ನು ಕನ್ನಡಿಸಿಕೊಂಡಾಗ ಅದಕ್ಕೆ ‘ವರ್ಗ’ ಎಂಬ ಪದವನ್ನು ಬಳಸಿತು. ಕೋಶಪರಂಪರೆಯನ್ನು ಬಲ್ಲವರಿಗೆ ಈ ಪದ ಹಳೆಯ ಪರಿಚಯದ್ದು.

2. ನಿಘಂಟಿನ ವರ್ಗ

ಅಮರಕೋಶವು ಮೂರು ಕಾಂಡಗಳಲ್ಲಿ, ಪ್ರತಿ ಕಾಂಡವು ಹಲವು ವರ್ಗಗಳಲ್ಲಿ ವಿಭಾಗಗೊಂಡಿದೆ. ಸ್ವರ್ಗವರ್ಗ, ವಾರಿವರ್ಗ, ಭೂಮಿವರ್ಗ, ಪುರವರ್ಗ, ವನೌಷಧಿವರ್ಗ ಎಂಬ ಹೆಸರುಗಳೇ ಅದರ ಕ್ರಮವನ್ನು ತಿಳಿಸುತ್ತವೆ. ಇಲ್ಲಿ ಪದಗಳು ಅಕಾರಾದಿಯಾಗಿ ನಿಂತಿಲ್ಲ, ಲೋಕದಲ್ಲಿ ವಸ್ತುಗಳು ಇರುವ ನೆರೆಹೊರೆಯನ್ನು ಅನುಸರಿಸಿ ನಿಂತಿವೆ. ಒಂದೇ ಅರ್ಥದ ಹಲವು ಪದಗಳು ಒಟ್ಟಿಗೆ ಬರುತ್ತವೆ. ಒಂದೇ ಪದಕ್ಕೆ ಹಲವು ಅರ್ಥಗಳಿದ್ದರೆ ಅವುಗಳಿಗೆ ಮೂರನೆಯ ಕಾಂಡದಲ್ಲಿ ನಾನಾರ್ಥವರ್ಗವೆಂಬ ಬೇರೆಯೇ ಸ್ಥಾನವಿದೆ.

ಕನ್ನಡದ ಕೋಶಕಾರರು ಈ ಮಾರ್ಗವನ್ನು ಬಲ್ಲವರಾಗಿದ್ದರು. ರನ್ನನ ಹೆಸರಿನಲ್ಲಿ ಉಳಿದಿರುವ ಅಪೂರ್ಣ ‘ರನ್ನಕಂದ’, ಎರಡನೆಯ ನಾಗವರ್ಮನ ‘ಅಭಿಧಾನವಸ್ತುಕೋಶ’, 1398ರ ಅಭಿನವ ಮಂಗರಾಜನ ನಿಘಂಟು, ಅಮರಕೋಶಕ್ಕೆ ನಾಚಿರಾಜನು ಬರೆದ ಕನ್ನಡ ವ್ಯಾಖ್ಯಾನ ಇವು ಆ ಪರಂಪರೆಯ ಮೈಲಿಗಲ್ಲುಗಳು. ಅಭಿಧಾನವಸ್ತುಕೋಶವು ಸಂಸ್ಕೃತ ಪದಗಳಿಗೆ ಕನ್ನಡದ ಅರ್ಥವನ್ನು ಕೊಡುತ್ತದೆ. ರನ್ನಕಂದವಾದರೋ ಹಳಗನ್ನಡದ ಪದಗಳಿಗೆ ಅರ್ಥ ಹೇಳಲು ಹೊರಟದ್ದು. ಕವಿಗೆ ಪದ ಒದಗಿಸುವುದು, ಓದುಗನಿಗೆ ಅರ್ಥ ಬಿಡಿಸುವುದು ಇವರೆಲ್ಲರ ಉದ್ದೇಶವಾಗಿತ್ತು.

ಚಿತ್ರಭಂಡಾರದ ಪರಿಭಾಷೆಗೆ ಇದನ್ನು ಹೋಲಿಸಿದರೆ ಎರಡು ಅಂಶಗಳು ಸರಿಯಾಗಿ ಹೊಂದುತ್ತವೆ. ಪರ್ಯಾಯಪದಗಳ ಗುಂಪು ಇಂದಿನ ‘ಪುನರ್ನಿರ್ದೇಶನ’ಕ್ಕೆ ಸಮ: ಯಾವ ಹೆಸರಿನಿಂದ ಹುಡುಕಿದರೂ ಒಂದೇ ಕಡೆಗೆ ತಲುಪಿಸುವುದು ಅದರ ಕೆಲಸ. ನಾನಾರ್ಥವರ್ಗವು ಇಂದಿನ ‘ದ್ವಂದ್ವ ನಿವಾರಣೆ’ಗೆ ಸಮ: ಒಂದೇ ಹೆಸರಿನ ಹಲವು ವಸ್ತುಗಳನ್ನು ಬೇರೆಮಾಡುವುದು ಅದರ ಕೆಲಸ.

ಹೊಂದದ ಅಂಶವೊಂದಿದೆ. ನಿಘಂಟಿನ ವರ್ಗವು ಪದಗಳನ್ನು ನೆರೆಯಲ್ಲಿ ಇಡುತ್ತದೆ, ಆದರೆ ಬಹುಮಟ್ಟಿಗೆ ಆ ನೆರೆಯ ಸ್ವರೂಪವನ್ನು ಹೇಳುವುದಿಲ್ಲ. ಪುರವರ್ಗದಲ್ಲಿ ನಗರ, ಬೀದಿ, ಮನೆ, ಬಾಗಿಲು ಎಲ್ಲವೂ ಬರುತ್ತವೆ. ಬೀದಿಯು ನಗರದ ಭಾಗ, ಬಾಗಿಲು ಮನೆಯ ಭಾಗ, ಅರಮನೆಯು ಮನೆಯ ಒಂದು ಬಗೆ ಎಂಬುದನ್ನು ಓದುಗನು ತನ್ನ ಲೋಕಜ್ಞಾನದಿಂದ ತುಂಬಿಕೊಳ್ಳಬೇಕು. ಕಂಠಪಾಠದ ಪರಂಪರೆಯಲ್ಲಿ ಪಕ್ಕದಲ್ಲಿ ಗುರುವಿದ್ದುದರಿಂದ ಇದು ಕೊರತೆಯಾಗಿ ಕಾಣಲಿಲ್ಲ. ಗುರುವಿಲ್ಲದ ಕಡೆ, ಯಂತ್ರವೇ ಹುಡುಕುವ ಕಡೆ, ಇದೇ ಕೊರತೆಯು ದೊಡ್ಡದಾಗುತ್ತದೆ.

3. ಕಿಟ್ಟೆಲ್ ಕೋಶ ಮತ್ತು ಪದದ ನೆಲೆ

ಬಾಸೆಲ್ ಮಿಷನ್ 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ತನ್ನ ಕೇಂದ್ರಗಳನ್ನು ತೆರೆಯಿತು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟ್ಟೆಲ್ ಕನ್ನಡ ಕಲಿತದ್ದು ಮೊದಲಿಗೆ ಈ ಸೀಮೆಯಲ್ಲಿ. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಿಂದ ಪ್ರಕಟವಾಯಿತು. ಅದರಲ್ಲಿ ಸುಮಾರು 70,000 ಪದಗಳಿವೆ.

ನಮ್ಮ ವಿಷಯಕ್ಕೆ ಸಂಬಂಧಿಸಿದಂತೆ ಈ ಕೋಶದಲ್ಲಿ ಗಮನಾರ್ಹವಾದದ್ದು ಪದದ ಮುಂದೆ ಅದರ ನೆಲೆಯನ್ನು ಗುರುತಿಸುವ ರೀತಿ. ಪದವು ಹಳೆಯ ಕೋಶದಲ್ಲಿ ಬಂದಿದ್ದರೆ ಆ ಕೋಶದ ಸಂಕೇತ, ಮೈಸೂರಿನ ಬಳಕೆಯದಾಗಿದ್ದರೆ ಅದಕ್ಕೊಂದು ಸಂಕೇತ, ಧಾರವಾಡವೂ ಸೇರಿದ ‘ದಕ್ಷಿಣ ಮರಾಠಾ’ ಸೀಮೆಯದಾಗಿದ್ದರೆ ಅದಕ್ಕೆ ಬೇರೊಂದು ಸಂಕೇತ. ಗಿಡಮರಗಳ ಹೆಸರಿಗೆ ಎಷ್ಟೋ ಕಡೆ ಸಸ್ಯಶಾಸ್ತ್ರೀಯ ನಾಮವೂ ಜೊತೆಗಿದೆ. ಅಂದರೆ ಪದದ ಅರ್ಥವಷ್ಟೇ ಅಲ್ಲದೆ, ಆ ಅರ್ಥ ಯಾರ ಬಾಯಿಯದು ಎಂಬುದನ್ನೂ ಕೋಶವು ದಾಖಲಿಸುತ್ತದೆ. ಪರ್ಯಾಯವೆಂದು ಕಾಣುವ ಎರಡು ಪದಗಳು ಎರಡು ಸೀಮೆಗಳವಾಗಿರಬಹುದು ಎಂಬ ಎಚ್ಚರ ಇದರಲ್ಲಿದೆ. ಗುರುತುಪದ ಹಚ್ಚುವವರು ಇಂದಿಗೂ ಕಲಿಯಬೇಕಾದ ಎಚ್ಚರವಿದು.

1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವೂ 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆಯೂ ಧಾರವಾಡದಲ್ಲಿ ಸ್ಥಾಪನೆಗೊಂಡವು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಚಾರಿತ್ರಿಕ ತತ್ತ್ವವನ್ನು ಅನುಸರಿಸಿತು. ಶಾಸನ ಮತ್ತು ಕಾವ್ಯಗಳ ಪ್ರಯೋಗಗಳನ್ನು ಕಾಲಾನುಕ್ರಮದಲ್ಲಿ ಕೊಟ್ಟು ಅರ್ಥದ ಚಲನೆಯನ್ನು ತೋರಿಸಿತು. ಹೀಗೆ ಪರ್ಯಾಯ, ನಾನಾರ್ಥ, ಸೀಮೆ, ಕಾಲ ಎಂಬ ನಾಲ್ಕು ಆಯಾಮಗಳನ್ನು ಕನ್ನಡ ಕೋಶರಚನೆಯು ಒಂದೊಂದಾಗಿ ಗಳಿಸಿಕೊಂಡಿತು.

4. ಗ್ರಂಥಾಲಯದಿಂದ ಗುರುತುಪದಕ್ಕೆ

ಸಂಬಂಧದ ಬಗೆಯನ್ನು ಸ್ಪಷ್ಟವಾಗಿ ಹೆಸರಿಸುವ ಕೆಲಸವನ್ನು ಮೊದಲು ಕೈಗೊಂಡವರು ಗ್ರಂಥಾಲಯ ವಿಜ್ಞಾನಿಗಳು. ಎಸ್. ಆರ್. ರಂಗನಾಥನ್ ಅವರ ಕೋಲನ್ ವರ್ಗೀಕರಣ 1933ರಲ್ಲಿ ಪ್ರಕಟವಾಯಿತು. ವಿಷಯವೊಂದನ್ನು ಒಂದೇ ಮರದ ಒಂದೇ ಕೊಂಬೆಗೆ ಕಟ್ಟದೆ, ವಸ್ತು, ಕ್ರಿಯೆ, ದೇಶ, ಕಾಲ ಮೊದಲಾದ ಮುಖಗಳಾಗಿ ಬಿಡಿಸಬೇಕೆಂಬುದು ಅದರ ಸಾರ. 1962ರಲ್ಲಿ ಅವರು ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ವಿಷಯಪದಕೋಶಗಳಿಗಾಗಿ 1974ರಲ್ಲಿ ಬಂದ ಅಂತಾರಾಷ್ಟ್ರೀಯ ಮಾನಕವು ಪದಗಳ ನಡುವೆ ಮೂರು ಬಗೆಯ ಸಂಬಂಧಗಳನ್ನು ಗುರುತಿಸಿತು: ಸಮಾನತೆ, ಶ್ರೇಣಿ, ಸಹಚಾರ. ಭಾಷಾವಿಜ್ಞಾನದಲ್ಲಿ ಜಾನ್ ಲಯನ್ಸ್ 1963ರಲ್ಲಿ ಅಂತರ್ಗತಾರ್ಥದ, ಅಂದರೆ ಒಂದು ಪದದ ಅರ್ಥವು ಇನ್ನೊಂದರೊಳಗೆ ಅಡಗಿರುವ ಸಂಬಂಧದ, ಪರಿಕಲ್ಪನೆಯನ್ನು ನೆಲೆಗೊಳಿಸಿದ್ದರು.

2004ರ ನಂತರ ಹರಡಿದ ಸಾರ್ವಜನಿಕ ಚಿತ್ರತಾಣಗಳು ಈ ಶಿಸ್ತನ್ನು ಬದಿಗಿಟ್ಟವು. ಯಾರು ಬೇಕಾದರೂ ಯಾವ ಪದವನ್ನಾದರೂ ಹಚ್ಚಬಹುದಾಗಿತ್ತು. ಚಿತ್ರಗಳು ಬೆಳೆದಂತೆ ಗೊಂದಲವೂ ಬೆಳೆಯಿತು. ಆಗ ಸಮುದಾಯಗಳು ತಾವಾಗಿಯೇ ಎರಡು ಉಪಾಯಗಳನ್ನು ರೂಢಿಗೆ ತಂದವು. ಒಂದು, ಎರಡು ಗುರುತುಪದಗಳನ್ನು ಸಮಾನವೆಂದು ಸಾರುವುದು. ಇನ್ನೊಂದು, ಒಂದು ಪದ ಬಂದಲ್ಲಿ ಇನ್ನೊಂದು ತಾನಾಗಿಯೇ ಬರಬೇಕೆಂದು ವಿಧಿಸುವುದು. ಮೊದಲನೆಯದು ಪರ್ಯಾಯ, ಎರಡನೆಯದು ಅಂತರ್ಗತಾರ್ಥ. ‘ಬಸದಿ’ ಎಂದು ಹಚ್ಚಿದರೆ ‘ಗುಡಿ’ಯೂ ಸೇರಲಿ ಎಂಬ ವಿಧಿಯನ್ನು ಯೋಚಿಸಿ. ಪ್ರತಿ ಬಸದಿಯೂ ಗುಡಿಯೇ ಎಂದು ಆ ಊರಿನ ಭಾಷಿಕರು ಒಪ್ಪಿದರೆ ಮಾತ್ರ ಅದು ಸಾಧು. ಆ ವಾಕ್ಯವನ್ನು ಭಾಷಿಕರ ಮುಂದಿಟ್ಟು ಕೇಳುವುದೇ ಇದಕ್ಕಿರುವ ಪರೀಕ್ಷೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಟೆಂಪಲ್’ ಎಂಬ ಒಂದೇ ಪದವಿರುವುದು ಆ ಪರೀಕ್ಷೆಗೆ ಬದಲಿಯಾಗಲಾರದು.

ಕಾಮನ್ಸ್‌ನ ವರ್ಗವ್ಯವಸ್ಥೆಯಲ್ಲಿ ಒಂದು ವರ್ಗವನ್ನು ಇನ್ನೊಂದರ ಕೆಳಗೆ ಇಡಬಹುದು. ಚಿತ್ರವನ್ನು ಸಾಧ್ಯವಾದಷ್ಟು ನಿರ್ದಿಷ್ಟ ವರ್ಗದಲ್ಲಿಯೇ ಇಡಬೇಕು, ಅದರ ಮೇಲಿನ ವರ್ಗದಲ್ಲಿ ಮತ್ತೆ ಇಡಬಾರದು ಎಂಬುದು ಅಲ್ಲಿನ ನಿಯಮ. ಆದರೆ ‘ಕೆಳಗೆ’ ಎಂಬ ಒಂದೇ ಸಂಬಂಧವು ಬಗೆ, ಭಾಗ, ಸ್ಥಳ, ವಿಷಯ ಎಲ್ಲವನ್ನೂ ಹೊತ್ತುಕೊಂಡಿದೆ. ಸಿದ್ಧಾರೂಢ ಮಠದ ಚಿತ್ರಗಳು ಮಠಗಳ ವರ್ಗದ ಕೆಳಗೆ ಬಂದರೆ ಅದು ನಿದರ್ಶನ ಸಂಬಂಧ. ಹುಬ್ಬಳ್ಳಿಯ ವರ್ಗದ ಕೆಳಗೆ ಬಂದರೆ ಸ್ಥಳ ಸಂಬಂಧ. ನೋಡುವವರಿಗೆ ಎರಡೂ ಒಂದೇ ಗೆರೆಯಾಗಿ ಕಾಣುತ್ತವೆ. ಅಮರನ ವರ್ಗದ ಕೊರತೆ ಹೆಸರಿನ ಸಮೇತ ಇಲ್ಲಿಗೆ ಮರಳಿ ಬಂದಿದೆ ಎನ್ನಬಹುದು.

ಈ ಕೊರತೆಯನ್ನು ತುಂಬಲು ಬಂದದ್ದು 2012ರ ಅಕ್ಟೋಬರ್ 29ರಂದು ಆರಂಭವಾದ ವಿಕಿಡೇಟಾ. ಅಲ್ಲಿ ಪ್ರತಿ ವಸ್ತುವಿಗೂ ಒಂದು ಸಂಖ್ಯೆಯಿದ್ದು, ಪ್ರತಿ ಭಾಷೆಯಲ್ಲಿಯೂ ಅದಕ್ಕೆ ಹೆಸರು, ಚಿಕ್ಕ ವಿವರಣೆ, ಪರ್ಯಾಯ ಹೆಸರುಗಳನ್ನು ಕೊಡಬಹುದು. ಒಂದೇ ಭಾಷೆಯಲ್ಲಿ ಎರಡು ವಸ್ತುಗಳಿಗೆ ಹೆಸರು ಒಂದೇ ಆಗಿರಬಹುದು, ಆದರೆ ಹೆಸರು ಮತ್ತು ವಿವರಣೆ ಎರಡೂ ಒಂದೇ ಆಗಕೂಡದು. ನಿದರ್ಶನ, ಉಪವರ್ಗ, ಭಾಗ ಎಂಬ ಸಂಬಂಧಗಳು ಬೇರೆಬೇರೆಯಾಗಿವೆ. ‘ಈ ಚಿತ್ರವು ಇಂಥದ್ದನ್ನು ತೋರಿಸುತ್ತದೆ’ ಎಂಬ ಹೇಳಿಕೆಯನ್ನು ಈ ಸಂಖ್ಯೆಗಳ ಮೂಲಕ ಕಾಮನ್ಸ್‌ನ ಚಿತ್ರಗಳಿಗೆ ಹಚ್ಚುವ ಅನುಕೂಲ 2019ರಲ್ಲಿ ಬಂದಿತು. ಅಲ್ಲಿಗೆ ಗುರುತುಪದವು ಇಂಗ್ಲಿಷಿನಲ್ಲಿಯೇ ಇರಬೇಕೆಂಬ ಕಟ್ಟು ಸಡಿಲವಾಯಿತು. ಆದರೆ ಕನ್ನಡದ ಹೆಸರನ್ನು ಯಾರೂ ಬರೆಯದಿದ್ದಲ್ಲಿ ಕನ್ನಡದಲ್ಲಿ ಓದುವವರಿಗೂ ಕಾಣುವುದು ಇಂಗ್ಲಿಷ್ ಹೆಸರೇ.

5. ಹೆಸರು ಮತ್ತು ಕಾಲ

ಕರ್ನಲ್ ಬಿಗ್ಸ್, ಡಾ. ಪಿಗೌ, ಎ. ಸಿ. ಬಿ. ನೀಲ್ ತೆಗೆದ ಛಾಯಾಚಿತ್ರಗಳ ಗ್ರಂಥವೊಂದು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅದಕ್ಕೆ ವಿವರಣೆ ಬರೆದರು. ಅದರ ಹೆಸರಿನಲ್ಲಿ ‘ಧಾರವಾಡ’ ಮತ್ತು ‘ಮೈಸೂರು’ ಎಂಬ ಎರಡು ಸ್ಥಳನಾಮಗಳಿವೆ. 1926ರಲ್ಲಿ ಹೆನ್ರಿ ಕಸಿನ್ಸ್ ಅವರ ಚಾಲುಕ್ಯ ವಾಸ್ತುವಿನ ಗ್ರಂಥ ಬಂದಾಗ ಇದೇ ಸೀಮೆಗೆ ‘ಕನ್ನಡ ಜಿಲ್ಲೆಗಳು’ ಎಂಬ ಹೆಸರಿತ್ತು. ಈ ಹಳೆಯ ಚಿತ್ರಗಳ ಹಕ್ಕುಸ್ವಾಮ್ಯದ ಅವಧಿ ಮುಗಿದಿದೆ. ಸಾರ್ವಜನಿಕ ಭಂಡಾರಕ್ಕೆ ಸಹಜವಾಗಿ ಸೇರಬಹುದಾದ ಸಾಮಗ್ರಿಯಿದು.

ಆದರೆ 1866ರ ‘ಧಾರವಾಡ’ ಇಂದಿನ ಧಾರವಾಡವಲ್ಲ. ಅಂದು ಅದು ಮುಂಬಯಿ ಪ್ರಾಂತದ ಜಿಲ್ಲೆ. ಲಕ್ಕುಂಡಿ, ಗದಗ, ಹಾವೇರಿ, ಹಾನಗಲ್ಲು ಅದರೊಳಗಿದ್ದವು. 1956ರ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. 1973ರ ನವೆಂಬರ್ 1ರಂದು ಆ ರಾಜ್ಯ ಕರ್ನಾಟಕವಾಯಿತು. 1997ರಲ್ಲಿ ಗದಗ ಮತ್ತು ಹಾವೇರಿ ಪ್ರತ್ಯೇಕ ಜಿಲ್ಲೆಗಳಾದವು. ಹೀಗಾಗಿ ‘ಧಾರವಾಡ’ ಎಂಬುದು ನಗರ, ತಾಲ್ಲೂಕು, 1997ಕ್ಕೆ ಮುಂಚಿನ ಜಿಲ್ಲೆ, ಅನಂತರದ ಜಿಲ್ಲೆ ಎಂದು ನಾಲ್ಕು ಅರ್ಥಗಳ ಪದ. ‘ಮೈಸೂರು’ ಕೂಡ ನಗರ, ಜಿಲ್ಲೆ, ಸಂಸ್ಥಾನ, 1956ರಿಂದ 1973ರವರೆಗಿನ ರಾಜ್ಯ ಎಂದು ನಾನಾರ್ಥಕ. 1866ರ ಗ್ರಂಥದಲ್ಲಿ ಧಾರವಾಡವೂ ಮೈಸೂರೂ ಬೇರೆ ಬೇರೆ. 1960ರ ಕಾಗದಪತ್ರದಲ್ಲಿ ಧಾರವಾಡವು ಮೈಸೂರಿನ ಒಳಗೆ. ಕಾಲವನ್ನು ಬಿಟ್ಟು ಇವೆರಡರ ಸಂಬಂಧವನ್ನು ಹೇಳುವುದು ಸಾಧ್ಯವೇ ಇಲ್ಲ.

ಲಕ್ಕುಂಡಿಯ ಹಳೆಯ ಚಿತ್ರಕ್ಕೆ ‘ಗದಗ ಜಿಲ್ಲೆ’ ಎಂದು ಮಾತ್ರ ಹಚ್ಚಿದರೆ ಮೂಲಗ್ರಂಥವನ್ನು ಹಿಡಿದು ಹುಡುಕುವವರಿಗೆ ಅದು ಸಿಗುವುದಿಲ್ಲ. ‘ಧಾರವಾಡ ಜಿಲ್ಲೆ’ ಎಂದು ಮಾತ್ರ ಹಚ್ಚಿದರೆ ಊರಿನವರಿಗೆ ಸಿಗುವುದಿಲ್ಲ. ಎರಡನ್ನೂ ಸಮಾನವೆಂದು ಸಾರಿದರೆ ಎರಡು ಜಿಲ್ಲೆಗಳೇ ಒಂದಾಗಿಬಿಡುತ್ತವೆ. ಲಕ್ಕುಂಡಿ ಎಂಬ ಊರನ್ನು ಗುರುತುಪದವಾಗಿಟ್ಟು, ಆ ಊರು ಯಾವ ವರ್ಷದವರೆಗೆ ಯಾವ ಜಿಲ್ಲೆಯಲ್ಲಿತ್ತು ಎಂಬುದನ್ನು ಆದಿ-ಅಂತ್ಯ ಸಮೇತ ಸಂಬಂಧದಲ್ಲಿ ಹೇಳುವುದು ಸರಿಯಾದ ದಾರಿ. ಚಿತ್ರದ ಗುರುತು ಆಗ ಬದಲಾಗಬೇಕಿಲ್ಲ.

ಹುಬ್ಬಳ್ಳಿಯದು ಇನ್ನೊಂದು ಬಗೆ. 2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ನಗರಗಳ ಹೆಸರುಗಳನ್ನು ಕನ್ನಡದ ಉಚ್ಚಾರಕ್ಕೆ ಅನುಗುಣವಾಗಿ ಬದಲಿಸಿದಾಗ ‘ಹುಬ್ಲಿ’ ಹೋಗಿ ‘ಹುಬ್ಬಳ್ಳಿ’ ಬಂದಿತು. ಕನ್ನಡದಲ್ಲಿ ಬದಲಾದದ್ದು ಏನೂ ಇಲ್ಲ. ಇಂಗ್ಲಿಷ್ ಹೆಸರನ್ನೇ ಆಧಾರವಾಗಿಟ್ಟ ಭಂಡಾರಗಳಲ್ಲಿ ಮಾತ್ರ ವರ್ಗದ ಹೆಸರನ್ನು ಬದಲಿಸಬೇಕೆಂಬ ಪ್ರಶ್ನೆ ಏಳುತ್ತದೆ. ಇಲ್ಲಿ ಹಳೆಯ ಮತ್ತು ಹೊಸ ಕಾಗುಣಿತಗಳು ನಿಜವಾಗಿಯೂ ಪರ್ಯಾಯಗಳು, ಸಮಾನವೆಂದು ಸಾರುವುದೇ ಯುಕ್ತ. ಹಳೆಯ ಅಂಚೆಚಿತ್ರದ ಮೇಲೆ ಅಚ್ಚಾದ ‘ಹುಬ್ಲಿ’ಯನ್ನು ಮಾತ್ರ ತಿದ್ದಬಾರದು. ಅದು ಗುರುತುಪದವಲ್ಲ, ದಾಖಲೆಯ ಪಾಠ. 1962ರಲ್ಲಿ ಮಹಾನಗರಪಾಲಿಕೆಯಾಗಿ ರೂಪುಗೊಂಡ ‘ಹುಬ್ಬಳ್ಳಿ-ಧಾರವಾಡ’ವೂ ಎರಡು ನಗರಗಳ ಪರ್ಯಾಯವಲ್ಲ. ನಗರಗಳೆರಡೂ ಅದರ ಭಾಗಗಳು.

6. ಕಸೂತಿ: ಒಂದು ಪದ, ಎರಡು ವಸ್ತು

ಸ್ಥಳನಾಮಕ್ಕಿಂತ ಕಠಿನವಾದದ್ದು ಕುಶಲಕಲೆಯ ಪದ. ‘ಕಸೂತಿ’ ಎಂದರೆ ಸಾಮಾನ್ಯ ಕನ್ನಡದಲ್ಲಿ ಬಟ್ಟೆಯ ಮೇಲಿನ ಯಾವುದೇ ಸೂಜಿಕೆಲಸ. ಧಾರವಾಡ ಸೀಮೆಯಲ್ಲಿ ಕಸೂತಿ ಎಂದರೆ ನೂಲೆಳೆಗಳನ್ನು ಎಣಿಸಿ ಹಾಕುವ ಒಂದು ನಿರ್ದಿಷ್ಟ ಪರಂಪರೆ. ಅದಕ್ಕೆ ನಾಲ್ಕು ಹೊಲಿಗೆಗಳು: ಎರಡೂ ಮಗ್ಗುಲಲ್ಲಿ ಒಂದೇ ತೆರನಾಗಿ ಕಾಣುವ ಗವಂತಿ, ಮೆಟ್ಟಿಲಂತೆ ಸಾಗುವ ಮುರಗಿ, ನೇಯ್ಗೆಯನ್ನು ಹೋಲುವ ನೇಗಿ, ಅಡ್ಡ ಎಳೆಗಳಿಂದ ಕಾಳಿನಂತೆ ಕಾಣುವ ಮೆಂತಿ. ಗೋಪುರ, ತೇರು, ಆನೆ, ಪಲ್ಲಕ್ಕಿ, ತುಳಸಿಕಟ್ಟೆ ಇದರ ಚಿತ್ತಾರಗಳು. ಹೀಗೆ ಕನ್ನಡದಲ್ಲಿ ಜಾತಿಗೂ ಅದರ ಒಂದು ಬಗೆಗೂ ಒಂದೇ ಹೆಸರು. ಇಂಗ್ಲಿಷಿನಲ್ಲಿ ಎರಡಕ್ಕೂ ಬೇರೆ ಹೆಸರುಗಳಿರುವುದರಿಂದ ಅಲ್ಲಿ ತೊಡಕಿಲ್ಲ. ಹೆಸರನ್ನು ಮಾತ್ರ ಅನುವಾದಿಸಿದರೆ ಕನ್ನಡದಲ್ಲಿ ಲಖನೌದ ಚಿಕನ್ ಕೆಲಸವೂ ಧಾರವಾಡದ ಗವಂತಿಯೂ ಒಂದೇ ರಾಶಿಗೆ ಬೀಳುತ್ತವೆ. ನಿರ್ವಚನವು ಇಲ್ಲಿ ಅಲಂಕಾರವಲ್ಲ: ‘ಬಟ್ಟೆಯ ಮೇಲಿನ ಸೂಜಿಕೆಲಸ’ ಎಂಬ ವಿವರಣೆ ಒಂದಕ್ಕೆ, ‘ಎಳೆ ಎಣಿಸಿ ಹಾಕುವ, ಧಾರವಾಡ ಸೀಮೆಯ ಸೂಜಿಕೆಲಸ’ ಎಂಬುದು ಇನ್ನೊಂದಕ್ಕೆ ಬೇಕೇ ಬೇಕು.

ಸಂಬಂಧಗಳಲ್ಲಿಯೂ ಇದೇ ಎಚ್ಚರ ಬೇಕು. ಇಳಕಲ್ಲ ಸೀರೆಯ ಮೇಲೆ ಕಸೂತಿ ಹಾಕುವುದು ರೂಢಿ. ಅಷ್ಟರಿಂದ ಕಸೂತಿಯನ್ನು ಇಳಕಲ್ಲ ಸೀರೆಯ ಕೆಳಗೆ ಇರಿಸಿದರೆ ಕುಪ್ಪಸದ ಮೇಲಿನ, ಕೂಸಿನ ಕುಂಚಿಗೆಯ ಮೇಲಿನ ಕಸೂತಿಯೂ ಸೀರೆಯಾಗಿಬಿಡುತ್ತದೆ. ಸೀರೆಯನ್ನು ಕಸೂತಿಯ ಕೆಳಗೆ ಇರಿಸಿದರೆ ಬರಿಯ ನೇಯ್ಗೆಯ ಸೀರೆಗೆ ಇಲ್ಲದ ಕಸೂತಿ ಬರುತ್ತದೆ. ಇವೆರಡರದು ಸಹಚಾರ ಸಂಬಂಧ, ಶ್ರೇಣಿಯಲ್ಲ. ಗವಂತಿಯು ಕಸೂತಿಯ ‘ಬಗೆ’ಯೂ ಅಲ್ಲ, ಒಂದೇ ಚಿತ್ತಾರದಲ್ಲಿ ಗವಂತಿಯೂ ಮುರಗಿಯೂ ಕೂಡಿ ಬರಬಹುದು. ಅದು ಕಸೂತಿಯ ತಂತ್ರ. ‘ಗವಂತಿ ಒಂದು ಕಸೂತಿ’ ಎಂಬ ವಾಕ್ಯ ಕೆಲಸ ಬಲ್ಲವರ ಬಾಯಲ್ಲಿ ಸಹಜವಾಗಿ ಬರುವುದಿಲ್ಲ. ‘ಇದು ಗವಂತಿಯ ಹೊಲಿಗೆ’ ಎಂಬುದು ಬರುತ್ತದೆ. ಈ ಭೇದವನ್ನು ತಿಳಿಯಲು ಸೂಜಿ ಹಿಡಿದವರನ್ನೇ ಕೇಳಬೇಕು.

7. ಲಿಪಿಯ ತೊಡಕು

ರೋಮನ್ ಲಿಪಿಯ ಗುರುತುಪದವು ತರುವ ಹಾನಿಯೊಂದು ಧಾರವಾಡ ಸೀಮೆಯಲ್ಲಿ ವಿಶೇಷವಾಗಿ ಕಾಣುತ್ತದೆ. ಇಲ್ಲಿಯ ಆಡುನುಡಿಯಲ್ಲಿ ಪದಾಂತ್ಯದ ಎಕಾರ ಇಕಾರವಾಗುತ್ತದೆ: ಮನೆ ‘ಮನಿ’ಯಾಗುತ್ತದೆ, ಕೆರೆ ‘ಕೆರಿ’ಯಾಗುತ್ತದೆ. ಓಣಿ ಅಥವಾ ವಸತಿಯ ಅರ್ಥದ ‘ಕೇರಿ’ ಬೇರೆ ಪದ. ಕನ್ನಡ ಲಿಪಿಯಲ್ಲಿ ಹ್ರಸ್ವ-ದೀರ್ಘ ಭೇದವು ಇವನ್ನು ಬೇರೆಯಾಗಿಡುತ್ತದೆ. ರೋಮನ್ ಲಿಪಿಯ ರೂಢಿಯ ಬರವಣಿಗೆಯಲ್ಲಿ ಎರಡೂ ಒಂದೇ ರೂಪಕ್ಕೆ ಇಳಿಯುತ್ತವೆ. ಧಾರವಾಡದ ಸಾಧನಕೇರಿಯಲ್ಲಿ ವಸತಿಯೂ ಇದೆ, ಕೆರೆಯೂ ಇದೆ. ರೋಮನ್ ಹೆಸರನ್ನು ಮಾತ್ರ ನೋಡಿ ವರ್ಗವನ್ನು ನಿರ್ಧರಿಸುವವರು ಬಡಾವಣೆಯನ್ನು ಕೆರೆಯೆಂದೋ ಕೆರೆಯನ್ನು ಬಡಾವಣೆಯೆಂದೋ ಬಗೆಯುವ ಸಂಭವವಿದೆ. ‘ಕೆರೆ’ಗೆ ‘ಲೇಕ್’ ಎಂಬ ಸಮಾನವೂ ಪೂರ್ತಿ ಹೊಂದುವುದಿಲ್ಲ. ಕೆರೆ ಸಾಮಾನ್ಯವಾಗಿ ಏರಿ ಕಟ್ಟಿ ನೀರು ನಿಲ್ಲಿಸಿದ್ದು. ನಿಸರ್ಗದ ಸರೋವರವೂ ಕಟ್ಟಿದ ಕೆರೆಯೂ ಆ ಇಂಗ್ಲಿಷ್ ಪದದಲ್ಲಿ ಬೆರೆತುಹೋಗುತ್ತವೆ.

ಇದು ಚಿತ್ರಭಂಡಾರಗಳ ಸಮಸ್ಯೆ ಮಾತ್ರವಲ್ಲ. ಭಾರತೀಯ ಭಾಷೆಗಳ ಪದಜಾಲವಾದ ಇಂಡೋವರ್ಡ್‌ನೆಟ್‌ನಲ್ಲಿ ಕನ್ನಡದ ಭಾಗವೂ ಹಿಂದಿಯ ಪದಜಾಲವನ್ನು ಆಧಾರವಾಗಿಟ್ಟು ವಿಸ್ತರಿಸಿದ್ದು. ಬೇಗ ಬೆಳೆಯಲು ಆ ವಿಧಾನ ಅನುಕೂಲವಾಯಿತು. ಆದರೆ ಪದಗಳನ್ನು ಕನ್ನಡಿಸಿ ಸಂಬಂಧಗಳನ್ನು ಬೇರೆ ಭಾಷೆಯಿಂದ ತಂದಾಗ ಕಸೂತಿ, ಕೆರೆ, ಮಠಗಳಂಥ ಪದಗಳು ತಮ್ಮದಲ್ಲದ ನೆರೆಯಲ್ಲಿ ಕೂರುವ ಅಪಾಯ ಅಲ್ಲಿಯೂ ಇದೆ.

8. ಉಪಸಂಹಾರ

ಪೀಠಿಕೆಯ ಬಾವಿಗೆ ಮರಳೋಣ. ‘ಮುಸುಕಿನ ಬಾವಿ’ ಅದರ ಅಂಕಿತನಾಮ. ಅದನ್ನು ಕನ್ನಡದಲ್ಲಿಯೇ ಮೊದಲು ದಾಖಲಿಸಬೇಕು. ‘ಮೆಟ್ಟಿಲ ಬಾವಿ’ ಅದರ ಜಾತಿ. ಸ್ಟೆಪ್‌ವೆಲ್ ಅದಕ್ಕೆ ಇನ್ನೊಂದು ಭಾಷೆಯ ಹೆಸರು. ಕಲ್ಯಾಣಿ, ಪುಷ್ಕರಣಿ ಎಂಬವು ಆ ಒಂದು ವಸ್ತುವಿಗೆ ಕೆಲವರು ಕರೆಯುವ ಹೆಸರುಗಳಾಗಿ ಸೇರಲಿ, ಆದರೆ ಎಲ್ಲ ಬಾವಿಗಳೂ ಕಲ್ಯಾಣಿಗಳಾಗುವಂತೆ ಜಾತಿಗಳನ್ನೇ ಸಮೀಕರಿಸುವುದು ಸಲ್ಲದು. ಜಿಲ್ಲೆಯ ಸಂಬಂಧಕ್ಕೆ ಕಾಲದ ಗಡಿ ಇರಲಿ.

ಇದರಿಂದ ಮೂರು ನಿಲುವುಗಳು ಹೊರಡುತ್ತವೆ. ನಿರ್ವಚನವಿಲ್ಲದ ಕನ್ನಡ ಹೆಸರು ಅರ್ಧ ಕೆಲಸ. ಹೆಸರಿನ ಜೊತೆಗೇ ಒಂದು ಸಾಲಿನ ವಿವರಣೆಯನ್ನು ಕನ್ನಡದಲ್ಲಿ ಬರೆಯಬೇಕು. ಸಮಾನತೆ, ಶ್ರೇಣಿ, ಸಹಚಾರಗಳನ್ನು ಬೆರೆಸಬಾರದು. ಸಂದೇಹವಿದ್ದಲ್ಲಿ ಸಮಾನವೆಂದು ಸಾರದೆ ಸಹಚಾರವೆಂದು ಬಿಡುವುದು ಲೇಸು, ಏಕೆಂದರೆ ಒಮ್ಮೆ ಬೆರೆತ ರಾಶಿಯನ್ನು ಮತ್ತೆ ಬಿಡಿಸಲು ಚಿತ್ರಗಳನ್ನು ಒಂದೊಂದಾಗಿ ನೋಡಬೇಕಾಗುತ್ತದೆ. ಪದವು ಯಾವ ಸೀಮೆಯದು, ಯಾವ ಕಾಲದ್ದು ಎಂಬುದು ಪದದ ಜೊತೆಗೇ ಇರಬೇಕು. ಕಿಟ್ಟೆಲ್ 1894ರಲ್ಲಿ ಅಚ್ಚಿನ ಕೋಶದಲ್ಲಿ ಮಾಡಿದ್ದನ್ನು ಇಂದು ಮಾಡಲಾಗದು ಎನ್ನಲು ಕಾರಣವಿಲ್ಲ.

ಗವಂತಿ, ಮುರಗಿ, ನೇಗಿ, ಮೆಂತಿಗಳನ್ನು ಕಣ್ಣಳತೆಯಲ್ಲಿಯೇ ಬೇರ್ಪಡಿಸಬಲ್ಲ ಹೆಣ್ಣುಮಕ್ಕಳು ಧಾರವಾಡ ಸೀಮೆಯಲ್ಲಿ ಇನ್ನೂ ಇದ್ದಾರೆ. ಅವರ ಕೆಲಸದ ಚಿತ್ರಗಳು ಭಂಡಾರ ಸೇರುವುದು ಸುಲಭ, ಅವರ ಪದಗಳು ಸೇರುವುದು ಅಷ್ಟು ಸುಲಭವಲ್ಲ. ಚಿತ್ರವನ್ನು ಮುಂದೊಂದು ದಿನ ಮತ್ತೆ ತೆಗೆಯಬಹುದು. ಆದರೆ ‘ಇದು ಗವಂತಿಯೇ, ಮುರಗಿಯೇ’ ಎಂದು ಕೇಳಿ ಬರೆದುಕೊಳ್ಳಲು ಬಲ್ಲವರು ಎದುರಿಗಿರಬೇಕು. ಕನ್ನಡ ಭಾಷಾವಿಜ್ಞಾನವೂ ಸಮುದಾಯ ಭಂಡಾರಗಳೂ ಕೂಡಿ ಮಾಡಬೇಕಾದ ಕೆಲಸ ಇಲ್ಲಿಂದ ಆರಂಭವಾಗಬೇಕೆಂಬುದು ನಮ್ಮ ಅಭಿಪ್ರಾಯ.